ಎಫ್ ಒನ್ ಒತ್ತಿ ದಾಟಿದ ಸಾಲು

ಬಾಗಿಲು ತೆರೆದ ಮೇಧಾ ಹಾಗೆಯೇ ನಿಂತಳು. ಕಂಪ್ಯೂಟರ್ ನೋಡಲು ಯಾರನ್ನಾದರೂ ಕಳಿಸುತ್ತೇವೆ ಎಂದಿದ್ದರು ಕಾಪುವಿನ ಅಂಗಡಿಯವರು. ಬಂದವನು ಮಲ್ಲಿನಾಥ.

ಆರು ವರ್ಷ... ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

“ಎಲ್ಲೂರಾಗಿನ ಮನಿ ಅಂದಾಗ್ಲೇ ತಿಳೀತು. ಬ್ಯಾಡ ಅಂದ್ರ ಬ್ಯಾರೆಯವರನ್ನ ಕಳಸ್ತೀನ್ರಿ.”

“ಬಂದಾಯಿತಲ್ವಾ. ನೋಡಿ.”

ಅದು ಜ್ಯೋತಿಷಿಯಾಗಿದ್ದ ಅವಳ ತಂದೆ ತಾರಾನಾಥರ ಕಂಪ್ಯೂಟರ್. ಪ್ರಶ್ನೆ ಕೇಳಲು ಬಂದವರಿಗೆ, ಕೇಳಿದ ಗಳಿಗೆಯ ಗ್ರಹಸ್ಥಿತಿಯನ್ನು ಅದರಲ್ಲೇ ತೆಗೆದು ಉತ್ತರ ಹೇಳುತ್ತಿದ್ದರು. ಅವರು ತೀರಿಕೊಂಡು ವರ್ಷವಾಯಿತು. ಊರವರ ಜಾತಕಗಳೆಲ್ಲ ಅದರೊಳಗೇ ಉಳಿದಿದ್ದವು.

ಮಲ್ಲಿನಾಥ ಪೆಟ್ಟಿಗೆ ಬಿಚ್ಚಿ ಧೂಳು ಊದಿದ. ಒಳಗಿನ ಹಸಿರು ಪಟ್ಟಿಯೊಂದನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ. ಪರದೆ ಬೆಳಗಿತು. ಇಂಗ್ಲಿಷಿನ ಎರಡು ಸಾಲು ತೋರಿಸಿ ನಿಂತುಬಿಟ್ಟಿತು.

“ಅದು ಎಂತ ಇಲ್ಲ. ಎಫ್ ಒನ್ ಒತ್ತಿದರೆ ಮುಂದೆ ಹೋಗುತ್ತದೆ. ಯಾವಾಗಲೂ ಹಾಗೆಯೇ.”

“ಯಾವಾಗಿಂದ?”

“ನೀವು ಅಪ್ಪನ ಹತ್ತಿರ ನನ್ನನ್ನು ಕೇಳಲಿಕ್ಕೆ ಬಂದಿರಲ್ಲ... ಅದಕ್ಕೂ ಮೊದಲಿನಿಂದ.”

ಅವನು ತಲೆ ಎತ್ತದೆ ಪೆಟ್ಟಿಗೆಯೊಳಗೆ ಬೆರಳಿಟ್ಟು ತೋರಿಸಿದ.

“ಒಳಗಿನ ಸಣ್ಣ ಸೆಲ್ ಸತ್ತೈತ್ರಿ. ಕರೆಂಟ್ ಹೋದಾಗೊಮ್ಮೆ ತಾರೀಖು ಹಿಂದಕ್ಕ ಹೋಗ್ತೈತಿ. ನೋಡ್ರಿ, ಎರಡು ಸಾವಿರದ ಒಂಬತ್ತು, ಜನವರಿ ಒಂದು ಅಂತ ತೋರಸ್ತೈತಿ.”

ಮೇಧಾ ಒಳಗೆ ಹೋಗಿ, ಆರು ವರ್ಷದ ಹಿಂದೆ ಆ ಕಂಪ್ಯೂಟರಿನಿಂದ ಮುದ್ರಿಸಿದ್ದ ಒಂದು ಹಾಳೆಯನ್ನು ಕಪಾಟಿನಿಂದ ತಂದಳು.

ಅಂದು ತಂದೆ, “ಹುಡುಗ ಗದಗಿನವನಾದರೆ ಎಂತ, ಒಳ್ಳೆಯವ. ಪ್ರಶ್ನೆ ಇಡುವ. ಒಳ್ಳೆಯದು ಬಂದರೆ ನನ್ನ ಅಡ್ಡಿ ಇಲ್ಲ,” ಎಂದಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಹಾಳೆಯನ್ನು ಓದಿದವಳು ಮೇಧಾ. ಮದುವೆಯನ್ನು ಹೇಳುವ ಏಳನೆಯ ಮನೆಯ ಅಧಿಪತಿ, ಸಾವಿನ ಮನೆಯಾದ ಎಂಟರಲ್ಲಿ ಎನ್ನುವಾಗಲೇ ತಂದೆ ಸಾಕು ಎಂದು ಕೈ ಎತ್ತಿದರು. ಮದುವೆಯಾದರೆ ಅವನ ಆಯುಸ್ಸಿಗೇ ಕೇಡು ಎಂದು ಹೆದರಿ, ಕಾರಣ ಹೇಳದೆ ಅವನನ್ನು ಕಳಿಸಿಬಿಟ್ಟಿದ್ದಳು.

ಹಾಳೆಯ ಮೇಲ್ತುದಿಯನ್ನು ಅಂದು ಓದಿರಲಿಲ್ಲ. ಈಗ ಓದಿದಳು. ಜನವರಿ ಒಂದು, ಎರಡು ಸಾವಿರದ ಒಂಬತ್ತು. ಅವರಿಬ್ಬರ ಪ್ರಶ್ನೆಗೆ ಉತ್ತರ ಬಂದದ್ದು ಬೇರೆ ಯಾವುದೋ ದಿನದ ಗ್ರಹಗಳಿಂದ.

ಎಲ್ಲವನ್ನೂ ಹೇಳಿದಳು. ಅವನು ನೆಲ ನೋಡುತ್ತ ಕೇಳಿಸಿಕೊಂಡ.

“ನಾ ಹೊರಗಿನಾಂವ ಅಂತ ಬ್ಯಾಡ ಅಂದ್ರಿ ಅನ್ಕೊಂಡಿದ್ದೆ.”

“ನೀವು ಬದುಕಿರಲಿ ಅಂತ...”

ಅವಳಿಗೆ ಅಳುವೂ ಬರಲಿಲ್ಲ. ಇಷ್ಟು ದಿನ ಗ್ರಹಗಳನ್ನಾದರೂ ದೂರಬಹುದಿತ್ತು. ಈಗ ಉಳಿದದ್ದು ತಾನು ಓದದೆ ಬಿಟ್ಟ ಒಂದು ಸಾಲು ಮಾತ್ರ.

“ಮದುವೆ ಆಯಿತಾ ನಿಮಗೆ?”

“ಇಲ್ರಿ. ಅವ್ವ ಹೇಳಿ ಹೇಳಿ ಸುಮ್ನಾದ್ಲು.”

ಅವನು ಚೀಲದಿಂದ ಹೊಸ ಸೆಲ್ ತೆಗೆದು ಹಾಕಿದ.

“ಇನ್ನೊಮ್ಮೆ ಪ್ರಶ್ನೆ ಇಡ್ತೀರೇನ್ರಿ?”

“ಬೇಡ. ಅದು ಎಂತ ಹೇಳಿದರೂ ನಾನಿನ್ನು ಕೇಳುವವಳಲ್ಲ.”

ಅವಳು ಹಳೆಯ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು.

“ಹೋದ ಆರು ವರ್ಷವನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ, ಅಲ್ವಾ?”

“ಆಗಂಗಿಲ್ಲ.” ಅವನು ಕೀಲಿಗಳ ಮೇಲೆ ಬೆರಳಿಟ್ಟ. “ಯಾವ ತಾರೀಖು ಹಾಕ್ಲಿ, ಮೇಧಾ?”

ಅವಳು ತಂದೆಯ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತಳು.

“ಇವತ್ತಿನದ್ದೇ ಹಾಕು.”