ಆ ಸಾಲು ನನ್ನದಲ್ಲ

"ಆ ಸಾಲು... ನಿಜವಾಗ್ಲೂ ನೀವೇ ಬರೆದದ್ದಾ?"

ಲೂನೆನ್‌ಬರ್ಗ್ ಎಂಬ ಬಂದರು ಊರಿನ ಗ್ರಂಥಾಲಯದಲ್ಲಿ ನಡೆಯುವ ಶನಿವಾರದ ಬರಹಗಾರರ ಕೂಟಕ್ಕೆ ಅಂದೇ ಮೊದಲ ಸಲ ಬಂದಿದ್ದವನು ಎದ್ದು ನಿಂತು ಕೇಳಿದ. ಆಗಷ್ಟೇ ತನ್ನ ಕಥೆ ಓದಿ ಮುಗಿಸಿದ್ದ ಒಡೆಟ್ ಬೆಚ್ಚಿದಳು.

ಸಿಕ್ಕಿಬಿದ್ದೆನಾ?

"ಮತ್ತಿನ್ಯಾರು ಬರೀತಾರೆ!" ಎಂದು ಸಿಡುಕಿ, ಹಾಳೆಗಳನ್ನು ಬಾಚಿಕೊಂಡು ಹೊರಗೆ ನಡೆದಳು.

ಅವನು ಮೆಟ್ಟಿಲವರೆಗೂ ಓಡಿಬಂದ. ಹೆಸರು ಲಾಕ್ಲನ್, ದೋಣಿ ರಿಪೇರಿಯವನು.

"ತಪ್ಪು ತಿಳೀಬೇಡಿ ಕಣ್ರೀ... 'ಅಪ್ಪ ಹೋದ ಮೇಲೂ ಅವರ ಕೋಟಿನ ಜೇಬು ಬೆಚ್ಚಗೇ ಇತ್ತು.' ನಮ್ಮಪ್ಪನ್ನ ಸಮುದ್ರ ತಗೊಂಡು ಮೂರು ವರ್ಷ ಆಯ್ತು. ನೀವು ನಮ್ಮನೆಗೆ ಬಂದು ನೋಡಿದ್ರೇನೋ ಅನ್ನಿಸ್ತು."

ಅವನ ಕಣ್ಣು ತುಂಬಿತ್ತು.

ಆಮೇಲಿನ ಶನಿವಾರಗಳಲ್ಲಿ ಕೂಟ ಮುಗಿದ ಮೇಲೆ ಇಬ್ಬರೂ ಬಂದರಿನ ಹೋಟೆಲಿನಲ್ಲಿ ಮೀನಿನ ಸೂಪು ಕುಡಿಯತೊಡಗಿದರು. ಬಹುವಚನ ಏಕವಚನವಾಯಿತು. ಆದರೆ ಅವನು ಆ ಸಾಲನ್ನು ನೆನೆದಾಗಲೆಲ್ಲ ಅವಳು ಚಮಚ ಕೆಳಗಿಟ್ಟು ಮಾತು ಬದಲಿಸುತ್ತಿದ್ದಳು.

ಆ ಕಥೆಗೆ ಅವಳು ಎಐ ಸಹಾಯ ಪಡೆದಿದ್ದಳು. ಅದು ಕೊಟ್ಟದ್ದನ್ನು ತಿದ್ದಿ, ತನ್ನದನ್ನು ಬೆರೆಸಿ... ಕೊನೆಗೆ ಯಾವುದು ಯಾರದೆಂದು ಅವಳಿಗೇ ಮರೆತುಹೋಗಿತ್ತು. ಒಂದು ದಿನ ಧೈರ್ಯ ಮಾಡಿ ಹಳೆಯ ಸಂಭಾಷಣೆಯನ್ನು ತೆರೆದು ನೋಡಿದಳು.

ಕೋಟಿನ ಸಾಲು ಯಂತ್ರದ್ದು!

ಹಾಗಾದರೆ ಇವನು ಮೆಚ್ಚಿದ್ದು ಯಾರನ್ನು? ಆ ಕಥೆಯಲ್ಲಿ ನಾನು ಬರೆದದ್ದಾದರೂ ಏನನ್ನು?

ಮರುದಿನ ಬೆಳಿಗ್ಗೆಯೇ ಅವನ ದೋಣಿ ಷೆಡ್ಡಿಗೆ ಹೋದಳು.

"ಲಾಕ್ಲನ್, ಆ ಸಾಲು ನಂದಲ್ಲ. ಕಂಪ್ಯೂಟರ್ ಬರ್ಕೊಟ್ಟಿದ್ದು."

ದೋಣಿಯ ಹಲಗೆ ಉಜ್ಜುತ್ತಿದ್ದ ಅವನ ಕೈ ನಿಂತಿತು.

"ನಾನು ಆ ಸಾಲನ್ನ ಅಮ್ಮಂಗೂ ಹೇಳಿದ್ದೆ, ಒಡೆಟ್."

ಅಷ್ಟೇ ಹೇಳಿ ಬೆನ್ನು ತಿರುಗಿಸಿದ.

ಅವನು ಹನ್ನೊಂದು ದಿನ ಕಣ್ಣಿಗೆ ಬೀಳಲಿಲ್ಲ, ಕೂಟಕ್ಕೂ ಬರಲಿಲ್ಲ. ಅವಳು ಮನೆಯಲ್ಲಿ ಕಂಪ್ಯೂಟರ್ ಮುಚ್ಚಿಟ್ಟು ಪೆನ್ನು ಹಿಡಿದು ಕುಳಿತಳು. ಬರೆದದ್ದೆಲ್ಲ ಸಪ್ಪೆ! ಹೊಡೆದುಹಾಕಿದಳು, ಅತ್ತಳು, ಮತ್ತೆ ಬರೆದಳು.

ಹನ್ನೆರಡನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು.

"ಕೋಪ ಬಂದಿತ್ತು," ಎಂದ ಲಾಕ್ಲನ್. "ನಿನ್ನ ಮೇಲಾ, ಆ ಯಂತ್ರದ ಮೇಲಾ, ಅದನ್ನ ಕೇಳಿ ಅತ್ತ ನನ್ನ ಮೇಲಾ... ಇನ್ನೂ ಗೊತ್ತಾಗಿಲ್ಲ. ಆದ್ರೆ ನೀನು ಸುಮ್ನಿದ್ದಿದ್ರೆ ನಂಗೆ ಯಾವತ್ತೂ ತಿಳೀತಿರ್ಲಿಲ್ಲ. ನೀನೇ ಬಂದು ಹೇಳ್ದೆ. ಅದಕ್ಕೇ ನಾನೂ ಬಂದೆ."

ಒಳಗೆ ಮೇಜಿನ ತುಂಬ ಗೀಚಿದ ಹಾಳೆಗಳು. ಹೊಡೆದುಹಾಕದೆ ಉಳಿಸಿದ್ದುದು ಒಂದೇ ಸಾಲು. ಅವನು ಗಟ್ಟಿಯಾಗಿ ಓದಿದ: "'ಲಾಕ್ಲನ್ ನಗುವ ಮೊದಲು ಅವನ ಎಡಗಿವಿ ಮಾತ್ರ ಕೆಂಪಾಗುತ್ತದೆ.'"

"ಅಷ್ಟೇನೂ ಚೆನ್ನಾಗಿಲ್ಲ ಕಣೇ."

"ಗೊತ್ತು. ಆದ್ರೆ ಅದು ನಂದೇ... ನಿನ್ನನ್ನ ನೋಡಿ ನೋಡಿ ಬರೆದದ್ದು. ನೀನಂದ್ರೆ ನಂಗೆ ಅಷ್ಟು ಇಷ್ಟ ಕಣೋ!"

ಅವನ ಎಡಗಿವಿ ಕೆಂಪಾಯಿತು. ಆಮೇಲೆ ನಕ್ಕ.

"ಮುಂದಿನ ಸಾಲು?"

"ಗೊತ್ತಿಲ್ಲ... ಏನೂ ಗೊತ್ತಾಗ್ತಿಲ್ಲ."

"ಗೊತ್ತಾಗೋವರೆಗೂ ಇಲ್ಲೇ ಕೂತಿರ್ಲಾ?"

ಅವಳು ಅವನ ಒರಟು ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡಳು. ಬಲಗೈಗೆ ಪೆನ್ನು ತೆಗೆದುಕೊಂಡಳು.

"ಕೂತ್ಕೋ. ಆದ್ರೆ ತುಂಬ ಹೊತ್ತಾಗುತ್ತೆ..."

"ಆಗ್ಲಿ ಬಿಡು."