ದಾರ ಕಟ್ಟಿದ ಹಣ್ಣು

ಗೊಜ್ಜು ಬಹಳ ಚೆನ್ನಾಗಿದೆ ಎಂದು ಮರಿಯಯ್ಯನವರು ಎರಡನೆಯ ಸಲ ಹೇಳದೆ ಇದ್ದಿದ್ದರೆ ಆ ಮಧ್ಯಾಹ್ನ ಸುಖವಾಗಿ ಕಳೆದುಹೋಗುತ್ತಿತ್ತೇನೋ. ಮೊದಲನೆಯ ಸಲ ಹೇಳಿದಾಗ ಬೀಗಿತ್ತಿ ಕುಳ್ಳಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು, ಕೇಳಿಸಿರಲಿಲ್ಲ. ಎರಡನೆಯ ಸಲ ಹೇಳುವಾಗ ಹೊಸ್ತಿಲ ಮೇಲೆ ನಿಂತಿದ್ದಳು.

"ಯಾವ ಗೊಜ್ಜು?"

"ಟಮಾಟೆ ಗೊಜ್ಜು ಕಣ್ರಮ್ಮ. ಇಂತಾ ಹಣ್ಣ ನಮ್ಮ ಅಗ್ರಹಾರದ ಕಡೆ ಕಂಡೇ ಇಲ್ಲ. ಕುಂಬಳಕಾಯಿ ಮರಿ ಇದ್ದಂಗದೆ. ನಮ್ಮ ಸುನಂದ ಕೆಂಡದ ಮೇಲೆ ಸುಟ್ಟು..."

ಕುಳ್ಳಮ್ಮ ಉಳಿದದ್ದನ್ನು ಕೇಳಲು ನಿಲ್ಲಲಿಲ್ಲ. ಹೆಸರಿಗೆ ಕುಳ್ಳಮ್ಮನಾದರೂ ಬಾಗಿಲಲ್ಲಿ ತಲೆ ತಗ್ಗಿಸಿ ಹೋಗಬೇಕಾದ ಆಳು ಆಕೆ. ನಾಲ್ಕು ಹೆಜ್ಜೆಗೆ ಹಿತ್ತಲು ಮುಟ್ಟಿದಳು. ಹಿಂತಿರುಗಿದಾಗ ಕೈಯಲ್ಲಿ ಮೂರು ಕೆಂಪು ದಾರಗಳಿದ್ದವು. ಅವನ್ನು ಸೊಸೆಯ ಮುಂದೆ ಹಿಡಿದಳು.

"ಇವು ಕಟ್ಟಿದ್ದ ಹಣ್ಣಾ ಕಿತ್ತಿದ್ದು?"

"ಹೌದತ್ತೆ," ಎಂದಳು ಸುನಂದ. ತನ್ನ ಮದುವೆಯಾದ ಮೇಲೆ ಅಪ್ಪ ಮೊದಲ ಸಲ ಬಂದಿದ್ದಾರೆ, ಒಲೆಯ ಮುಂದೆ ತಾನೊಬ್ಬಳೇ ನಿಂತು ಅಡಿಗೆ ಮಾಡಿ ಬಡಿಸಿದ್ದೇನೆ ಎಂಬ ಸಂತೋಷ ಇನ್ನೂ ಅವಳ ಮುಖದಿಂದ ಇಳಿದಿರಲಿಲ್ಲ. "ನೆಂಟರಿಗೆ ಅಂತ ಕಟ್ಟಿಟ್ಟಿದ್ರಲ್ಲ, ಅದಕ್ಕೇ ಅವನ್ನೇ ಕಿತ್ತೆ."

ತಪ್ಪು ಇಲ್ಲಿತ್ತು. ಸುನಂದಳ ತವರಾದ ಹೊಸ ಅಗ್ರಹಾರದ ಮನೆಯಲ್ಲಿ, ಹಿತ್ತಲಿನ ಯಾವ ಕಾಯಿ ನೆಂಟರ ಪಾಲೋ ಅದಕ್ಕೆ ಅವಳ ತಾಯಿ ಒಂದು ದಾರ ಕಟ್ಟಿಬಿಡುತ್ತಿದ್ದಳು, ಮನೆಯ ಮಕ್ಕಳು ಮುಟ್ಟದಿರಲಿ ಎಂದು. ಬೀಚನಹಳ್ಳಿಯ ಮಗ್ಗುಲಿನ ಈ ಊರಲ್ಲಿ ದಾರ ಕಟ್ಟಿದ ಹಣ್ಣೆಂದರೆ ಬೀಜದ ಹಣ್ಣು. ಅದು ಗಿಡದಲ್ಲೇ ಮಾಗಿ, ಮೆತ್ತಗಾಗಿ, ಆಮೇಲೆ ಬೂದಿ ಸಗಣಿಯೊಡನೆ ಕಲಸಿ ಗೋಡೆಗೆ ತಟ್ಟಿಸಿಕೊಳ್ಳಬೇಕು. ಮುಂದಿನ ವರ್ಷ ಗೋಡೆಯಿಂದ ಕೆರೆದು ಸಸಿಗೆ ಒಟ್ಟಲು ಹಾಕಬೇಕು. ನೆಂಟರಿರಲಿ, ದೇವರು ಬಂದರೂ ಅದನ್ನು ಕೀಳುವಂತಿಲ್ಲ. ಕಳೆದ ವರ್ಷದ ಬೀಜ ಗೋಡೆಯ ಮೇಲೇ ಇತ್ತು. ಇದೇ ಸುನಂದಳ ಮದುವೆಗೆಂದು ಗೋಡೆ ಕೆರೆದು ಸುಣ್ಣ ಬಳಿದಾಗ ಅದೂ ಹೋಯಿತು. ಉಳಿದದ್ದು ಕೊನೆಯ ಗಿಡದ ಕೊನೆಯ ಮೂರು ಹಣ್ಣು. ಅವು ಈಗ ಮರಿಯಯ್ಯನವರ ಹೊಟ್ಟೆಯಲ್ಲಿದ್ದವು, ಸುಟ್ಟ ಸ್ಥಿತಿಯಲ್ಲಿ.

ಆ ಬೀಜ ಕುಳ್ಳಮ್ಮನ ತಾಯಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾಗ ಸೆರಗಿನಲ್ಲಿ ಕಟ್ಟಿ ತಂದದ್ದು. ಮಗಳ ಮದುವೆಯಲ್ಲಿ ಚಿನ್ನ ಹಾಕಲು ಆಗದೆ ಇದನ್ನು ಕೊಟ್ಟಿದ್ದಳು. ನಲವತ್ತು ವರ್ಷ ಕುಳ್ಳಮ್ಮ ಅದನ್ನು ಚಿನ್ನದಂತೆಯೇ ಕಾದಳು. ಊರಲ್ಲಿ ಯಾರು ಬೀಜ ಕೇಳಿದರೂ ಇಲ್ಲ. ಹಣ್ಣು ಕೇಳಿದರೆ ಕೊಡುತ್ತಿದ್ದಳು, ಆದರೆ ಒಳಗೆ ಹೋಗಿ ಬೀಜವನ್ನೆಲ್ಲ ಹಿಂಡಿ, ಸಿಪ್ಪೆಯನ್ನು ಮಾತ್ರ ತಂದು ಕೈಗಿಡುತ್ತಿದ್ದಳು.

"ನಮ್ಮವ್ವ ಕೊಟ್ಟಿದ್ದು ಅದೊಂದೇ ಕಣೇ..." ಎಂದಳು ಕುಳ್ಳಮ್ಮ. ಅಷ್ಟು ಎತ್ತರದ ಹೆಂಗಸಿನ ದನಿ ಅಷ್ಟು ಸಣ್ಣಗಾದದ್ದನ್ನು ಸುನಂದ ಕೇಳಿರಲಿಲ್ಲ. ಅತ್ತೆ ಬೈದಿದ್ದರೆ ಸಹಿಸಬಹುದಿತ್ತು. ಆದರೆ ಆಕೆ ಬೀಗರ ಕಡೆ ತಿರುಗಿದಳು.

"ಊಟ ಮುಗಿಸಿ. ಆಮೇಲೆ ನಿಮ್ಮ ಮಗಳ ಕರ್ಕೊಂಡೋಗಿ. ಆ ಬೀಜ ಈ ಮನೆಗೆ ವಾಪಸ್ ಬಂದ ದಿನ ಅವಳೂ ಬರ್ಲಿ."

ಮರಿಯಯ್ಯನವರು ತುತ್ತು ಹಿಡಿದ ಕೈಯನ್ನು ಮೇಲಕ್ಕೂ ಒಯ್ಯಲಾರದೆ ಕೆಳಕ್ಕೂ ಇಳಿಸಲಾರದೆ ಕುಳಿತರು.

ಆದರೆ ಕೋಪಕ್ಕೂ ಪಂಚಾಂಗವುಂಟು. ಅಂದು ಶುಕ್ರವಾರ, ಹೆಣ್ಣುಮಗಳನ್ನು ಮನೆಯಿಂದ ಕಳಿಸುವಂತಿಲ್ಲ. ಶನಿವಾರ ಒಳ್ಳೆಯದಲ್ಲ. ಭಾನುವಾರ ತಾಲ್ಲೂಕು ಪೇಟೆಯಾದ ಕೋಟೆಗೆ ಬಸ್ಸಿಲ್ಲ. ಹೀಗಾಗಿ ಹೊರಡುವುದು ಸೋಮವಾರ ಬೆಳಿಗ್ಗೆ ಎಂದಾಯಿತು. ಅಲ್ಲಿಯವರೆಗೆ ಕುಳ್ಳಮ್ಮ ಬೀಗರಿಗೆ ಹೊತ್ತುಹೊತ್ತಿಗೆ ಬಿಸಿನೀರು, ಎಮ್ಮೆಯ ಗಟ್ಟಿ ಮೊಸರು, ಎಲೆಯಡಿಕೆ ಎಲ್ಲವನ್ನೂ ಲೋಪವಿಲ್ಲದೆ ಕೊಟ್ಟಳು. ಅವರ ಮಗಳನ್ನು ಮಾತ್ರ ಒಲೆ ಮುಟ್ಟಗೊಡಲಿಲ್ಲ. ಅಣೆಕಟ್ಟೆಯ ಕೆಲಸದಲ್ಲಿ ಮೇಸ್ತ್ರಿಯಾಗಿದ್ದ ಮಗ ಚಲುವಯ್ಯ ಸಂಜೆ ಬಂದು ವಿಷಯ ಕೇಳಿದ. ತಾಯಿಗೆ ಎದುರಾಡಲಾರ, ಹೆಂಡತಿಯ ಮುಖ ನೋಡಲಾರ. ತಟ್ಟೆಯಲ್ಲಿದ್ದ ಮುದ್ದೆಯನ್ನೇ ಬಹಳ ಹೊತ್ತು ನೋಡಿದ.

ಶನಿವಾರ ಸುನಂದ ಬೀಜ ಹುಡುಕಲು ಹೊರಟಳು. ಮೊದಲು ಮೇಷ್ಟ್ರು ಪುಟ್ಟಮಲ್ಲಪ್ಪನವರ ಮನೆ. ಅವರ ಹೆಂಡತಿ ಸರ್ವಮಂಗಳ ಹಿತ್ತಲ ಬಾಗಿಲನ್ನು ತನ್ನ ಬೆನ್ನಿನಿಂದಲೇ ಮುಚ್ಚಿ ನಿಂತು ಮಾತಾಡಿಸಿದಳು. ಅವಳ ಭುಜದಾಚೆ, ಬೇಲಿಯ ಮೇಲೆ ಒಣಹಾಕಿದ ಸೀರೆಯ ಕೆಳಗೆ, ಕುಂಬಳಕಾಯಿ ಮರಿಯಂತೆ ಗೀರುಗೀರಾದ ಕೆಂಪು ಹಣ್ಣೊಂದು ಇಣುಕುತ್ತಿತ್ತು.

"ಅದೇನಕ್ಕ, ಅಲ್ಲಿ?"

"ಅದಾ? ಬದನೆ."

"ಕೆಂಪಗದೆ?"

"ಹೊಸ ಜಾತಿ ಕಣಮ್ಮ. ಸರ್ಕಾರದ್ದು," ಎಂದಳು ಸರ್ವಮಂಗಳ. ಆ ಕಾಲದಲ್ಲಿ ಸರ್ಕಾರ ಗಿಡ್ಡ ಭತ್ತ, ಹೊಸ ಜೋಳ ಏನೇನನ್ನೋ ತಂದುಬಿಟ್ಟಿದ್ದರಿಂದ ಕೆಂಪು ಬದನೆಯನ್ನು ಸುಳ್ಳೆನ್ನಲು ಯಾರಿಗೂ ಧೈರ್ಯವಿರಲಿಲ್ಲ.

ಎರಡು ಮನೆ ಆಚೆ ಮಂಟಯ್ಯನ ಹೆಂಡತಿ, ಕೇಳುವುದಕ್ಕೆ ಮೊದಲೇ, "ನಮ್ಮಲ್ಲಿ ಏನೂ ಇಲ್ಲ ಕನವ್ವ, ಹಿತ್ತಲಿಗೆ ಹೋಗಬ್ಯಾಡ, ಹಸ ಹಾಯ್ತದೆ," ಎಂದಳು. ಅವರ ಮನೆಯಲ್ಲಿ ಹಸುವೇ ಇರಲಿಲ್ಲ. ಮೂರನೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ, ಒಳಗಿನಿಂದ ಟಮಾಟೆ ಸಾರಿನ ಒಗ್ಗರಣೆ ಘಮ್ಮೆನ್ನುತ್ತಿದ್ದರೂ.

ಒಗಟನ್ನು ಬಿಡಿಸಿದವಳು ಕಾಳಿ. ಕಾಡಂಚಿನ ಹಾಡಿಯಿಂದ ಬಂದು ಊರ ಹಿತ್ತಲುಗಳಲ್ಲಿ ಕಳೆ ಕೀಳುತ್ತಿದ್ದ ಅವಳು, ಬಾವಿಕಟ್ಟೆಯ ಹತ್ತಿರ ಅಳುತ್ತ ನಿಂತಿದ್ದ ಸುನಂದಳನ್ನು ಕಂಡು ಕುಡುಗೋಲು ಕೆಳಗಿಟ್ಟಳು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಈ ಊರಲ್ಲಿ ನಾನು ಕಳೆ ಕೀಳದ ಹಿತ್ಲು ಯಾವುದೈತೆ? ಏಳು ಮನೇಲೈತೆ ನಿಮ್ಮತ್ತೆ ಹಣ್ಣು. ಮಂಟಯ್ಯನ ಹೆಂಡ್ರು ನಿಮ್ಮ ತಿಪ್ಪೇಲಿ ಹುಟ್ಟಿದ ಸಸಿ ಕಿತ್ಕೊಂಡೋದ್ಲು. ನಾನೂ ಒಂದು ತಿಂದು ಬೀಜ ಉಗುಳಿದ್ದೆ, ಹಾಡೀಲಿ ಗುಡ್ಲು ಮ್ಯಾಲಕ್ಕೆ ಹಬ್ಬೈತೆ. ಉಳಿದೋರಿಗೆಲ್ಲಾ ಮೇಷ್ಟ್ರು ಮನೇದು."

"ಮೇಷ್ಟ್ರಿಗೆ ಯಾರು ಕೊಟ್ರು?"

"ನಿಮ್ಮ ಮಾವ. ಇನ್ಯಾರು? ದಿನಾ ಪೇಪರ್ ಓದಿ ಹೇಳಲಿ ಅಂತ."

"ಮತ್ತೆ ಒಬ್ರೂ ಕೊಡ್ತಿಲ್ವಲ್ಲ ಕಾಳಿ."

"ಕೊಟ್ರೆ ಕದ್ದಿದ್ದು ಒಪ್ಕೊಂಡಂಗೆ. ನಿಮ್ಮತ್ತೆ ಬಾಯಿಗೆ ಯಾರು ಬೀಳ್ತಾರೆ? ಹುಲಿ ಬಾಯಿ ವಾಸಿ."

ಸುನಂದ ಮನೆಗೆ ಬಂದಾಗ ಮಾವ ತಿಮ್ಮಯ್ಯ ಜಗಲಿಯ ಮೇಲೆ ನಶ್ಯದ ಡಬ್ಬಿಯನ್ನು ಮುಚ್ಚಿ ತೆರೆದು ಮಾಡುತ್ತಿದ್ದ. ಬೀಗರು ಒಳಗೆ ಮಲಗಿದ್ದರು.

"ಕಾಳಿ ಏನಾದ್ರೂ ಅಂದ್ಲೇನವ್ವ?"

"ಅಂದ್ಲು ಮಾವ."

"ಎಲ್ಲಾನೂ?"

"ಪೇಪರ್ ವಿಷಯನೂ."

ತಿಮ್ಮಯ್ಯ ಒಂದು ಚಿಟಿಕೆ ಏರಿಸಿದ. ಸೀನು ಬರಲಿಲ್ಲ. "ಹೇಳ್ಬುಡು ನಿಮ್ಮತ್ತೆಗೆ. ನನ್ನ ಕತೆ ಮುಗೀತದೆ, ಮುಗೀಲಿ. ನೀನು ಉಳ್ಕೋ."

ಹೇಳುವುದು ಸುಲಭವಿತ್ತು. ಆದರೆ ನಾಲೆಯ ಸೀಮೆಯಲ್ಲಿ ಅನ್ನ ಉಂಡು ಬೆಳೆದ ಸುನಂದಳಿಗೆ ಮುದ್ದೆ ತಿರುವಲು ಬಾರದೆ, ಬಂದ ಹೊಸದರಲ್ಲಿ ಒಲೆಯ ಮುಂದೆ ಕಣ್ಣೀರಿಡುತ್ತ ಕೂತಿದ್ದಾಗ, ಬಾಗಿಲು ಓರೆ ಮಾಡಿ ಬಂದು, ಕೋಲು ಕಸಿದು, ಎಂಟು ದಿನ ಗುಟ್ಟಾಗಿ ಮುದ್ದೆ ಮಾಡಿಕೊಟ್ಟವನು ಈ ಮಾವ. ಅತ್ತೆ ಆ ಮುದ್ದೆಯನ್ನು ತಿಂದು, "ಪರವಾಗಿಲ್ಲ, ಹುಡುಗಿ ಕಲೀತಾಳೆ," ಎಂದಿದ್ದಳು. ಅಂಥವನನ್ನು ಅತ್ತೆಯ ಬಾಯಿಗೆ ಕೊಟ್ಟು ತಾನು ಉಳಿಯುವುದೇ? ಇಡೀ ಬೀದಿಯನ್ನು ಕಳ್ಳರೆಂದು ಕೂಗಿ, ನಾಳೆ ಅದೇ ಬೀದಿಯಲ್ಲಿ ನೀರು ತರುವುದೇ?

"ಬೇಡ ಮಾವ," ಎಂದಳು. "ನಾನು ಹೊರಡ್ತೀನಿ."

ಭಾನುವಾರ ಬೆಳಿಗ್ಗೆ ಅವಳು ಮತ್ತೆ ಮನೆಮನೆಗೆ ಹೋದಳು. ಈ ಸಲ ಬೀಜ ಕೇಳಲಿಲ್ಲ.

"ನಾಳೆ ಊರಿಗೆ ಹೋಗ್ತಿದೀನಿ ಅಕ್ಕ. ಮತ್ತೆ ಯಾವಾಗ ಬತ್ತೀನೋ ಗೊತ್ತಿಲ್ಲ. ಮಡಿಲು ತುಂಬಿ ಕಳ್ಸಿ."

ಸರ್ವಮಂಗಳ ಹುಬ್ಬೇರಿಸಿದಳು. ಮಡಿಲು ತುಂಬುವುದು ತವರಿನಿಂದ ಹೊರಡುವ ಮಗಳಿಗೆ. ಗಂಡನ ಮನೆಯಿಂದ ಹೊರಡಿಸಲ್ಪಟ್ಟ ಸೊಸೆಗೆ ತುಂಬಿದ್ದನ್ನು ಯಾರೂ ಕಂಡಿರಲಿಲ್ಲ.

"ಈ ಊರಲ್ಲಿ ನನಗೆ ತವರು ಅಂದ್ರೆ ನೀವೇ ಅಲ್ವಾ," ಎಂದಳು ಸುನಂದ. "ಅಕ್ಕಿ, ಕಾಯಿ ಏನೂ ಬೇಡ. ಹಿತ್ತಲಲ್ಲಿ ಏನಿದೆಯೋ ಅದು ಒಂದು ಸಾಕು. ಮಡಿಲಿಗೆ ಬಿದ್ದಿದ್ದನ್ನ ಎಲ್ಲೀದು ಅಂತ ಯಾರೂ ಕೇಳೋ ಹಂಗಿಲ್ಲವಲ್ಲ."

ಸರ್ವಮಂಗಳ ಹಿತ್ತಲ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ನೀನು ಪೆದ್ದಿ ಅಂತ ಊರೆಲ್ಲಾ ಅಂತಿದ್ರು ಕಣೇ," ಎಂದಳು.

ಸೋಮವಾರ ಬೆಳಿಗ್ಗೆ ಮರಿಯಯ್ಯನವರು ಕೊಡೆ, ಕೈಚೀಲ ಹಿಡಿದು ಜಗಲಿಯ ಅಂಚಿನಲ್ಲಿ ನಿಂತಿದ್ದರು. ಚಲುವಯ್ಯ ಕೆಲಸಕ್ಕೆ ಹೋಗದೆ ಕಂಬಕ್ಕೆ ಒರಗಿದ್ದ. ಅವನ ಮಟ್ಟಿಗೆ ಅದೇ ದೊಡ್ಡ ದಂಗೆ. ಸುನಂದ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಏಳುವಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಎಲ್ಲರ ಸೆರಗಿನಡಿಯಲ್ಲೂ ಏನೋ ಉಬ್ಬಿತ್ತು.

"ಏನ್ರವ್ವ ಇದು?" ಎಂದಳು ಕುಳ್ಳಮ್ಮ.

"ಹುಡುಗಿಗೆ ಮಡಿಲು ತುಂಬನಾ ಅಂತ ಬಂದೊ."

ಬೇಡವೆನ್ನಲು ಕುಳ್ಳಮ್ಮನಿಗೂ ಬಾಯಿ ಬರಲಿಲ್ಲ. ಸುನಂದ ಹೊಸ್ತಿಲ ಮೇಲೆ ನಿಂತು ಸೆರಗೊಡ್ಡಿದಳು. ಸರ್ವಮಂಗಳ ಕುಂಕುಮವಿಟ್ಟು, ಕಣ್ಣನ್ನು ಮಾಳಿಗೆಯ ಮೇಲೆ ನೆಟ್ಟು, ಒಂದು ಹಣ್ಣು ಹಾಕಿದಳು. ಮಂಟಯ್ಯನ ಹೆಂಡತಿ ಒಂದು ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕೊನೆಗೆ ಕಾಳಿ ಬಂದು, ಎಲ್ಲಕ್ಕಿಂತ ದೊಡ್ಡದನ್ನು ಧಪ್ಪೆಂದು ಹಾಕಿದಳು. ಎಂಟು ಹಣ್ಣು. ಎಂಟೂ ಗೀರುಗೀರು, ಎಂಟೂ ಕೆಂಪು, ಎಂಟೂ ಒಂದೇ ತಾಯಿಯ ಮಕ್ಕಳು.

ಕುಳ್ಳಮ್ಮ ಸೊಸೆಯ ಮಡಿಲನ್ನು ನೋಡಿದಳು. ಆಮೇಲೆ ಒಬ್ಬೊಬ್ಬಳ ಮುಖವನ್ನೂ ನೋಡುತ್ತ ಹೋದಳು. ಯಾರ ಕಣ್ಣೂ ಸಿಗಲಿಲ್ಲ. ಎಲ್ಲಿಯವು ಎಂಬ ಪ್ರಶ್ನೆ ಅವಳ ಮುಖದಲ್ಲೇ ಎಲ್ಲರಿಗೂ ಕಾಣುತ್ತಿತ್ತು. ಕೇಳುವ ಹಾಗಿರಲಿಲ್ಲ.

"ನಿನ್ನ ಮಡಿಲು, ನಿನ್ನ ಹಣ್ಣು," ಎಂದಳು. "ಏನ್ ಮಾಡ್ತೀಯ?"

"ನನಗೆ ಗೊತ್ತಿಲ್ಲ ಅತ್ತೆ," ಎಂದಳು ಸುನಂದ. ಧೈರ್ಯ ಅಲ್ಲಿಗೆ ಮುಗಿದು, ಅಳು ಬಂದೇಬಿಟ್ಟಿತು. "ಬೀಜಕ್ಕೆ ಯಾವುದ ಇಡಬೇಕು ಅಂತ ನೀವು ಒಂದಿನಾನೂ ಹೇಳ್ಕೊಡಲಿಲ್ಲ... ಹೇಳ್ಕೊಟ್ಟಿದ್ರೆ ನಾನು ಕೀಳ್ತಾ ಇರಲಿಲ್ಲ..."

ಕುಳ್ಳಮ್ಮ ಹೊಸ್ತಿಲ ಪಕ್ಕದಲ್ಲಿ ನಿಧಾನವಾಗಿ ಕುಕ್ಕುರುಗಾಲಲ್ಲಿ ಕುಳಿತಳು. ಮಡಿಲಿನಿಂದ ಒಂದು ಹಣ್ಣು ತೆಗೆದು ತಿರುಗಿಸಿ ನೋಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ದನಿ ಎಂದಿನದೇ.

"ಇದು ಬ್ಯಾಡ. ಬಿರುಕು ಬಿಟ್ಟದೆ. ನಾಲ್ಕು ದಿನ ಒಣಗಿಸಿ ಒಂದೇ ಸಲ ಕೊಡಗಟ್ಲೆ ನೀರು ಉಯ್ದವ್ರೆ."

"ನಮ್ಮನೆಯವರ ಜೊತೆ ಹುಣಸೂರಿಗೆ ಹೋಗಿದ್ದೆ ಕುಳ್ಳಮ್ಮಕ್ಕ, ನೀರು ಹಾಕೋರು ಇರಲಿಲ್ಲ," ಎಂದು ಸರ್ವಮಂಗಳ ಅಂದೇಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಕುಳ್ಳಮ್ಮ ತಲೆ ಎತ್ತಲಿಲ್ಲ. "ಮುಂದಿನ ಸಲ ಪಕ್ಕದೋರಿಗೆ ಹೇಳಿ ಹೋಗು," ಎಂದಳು.

ಮುಂದಿನ ಸಲ. ಆ ಎರಡು ಮಾತು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. ಆಮೇಲೆ ಮಂಟಯ್ಯನ ಹೆಂಡತಿ ಹತ್ತಿರ ಬಂದು ಕೂತಳು. "ನಮ್ದು ಎಲೆ ಮುರುಟ್ತದಲ್ಲಕ್ಕ, ಏನ್ ಮಾಡದು?" ಇನ್ನೊಬ್ಬಳು, "ನಮ್ದು ಹೂವೇ ಉದುರ್ತದೆ," ಎಂದಳು. ಕುಳ್ಳಮ್ಮ ಒಬ್ಬೊಬ್ಬಳನ್ನೂ ಅವಳವಳ ಗಿಡದ ಮೂಲಕ ಬೈಯುತ್ತ, ಬೂದಿ ಎಷ್ಟು, ಗೊಬ್ಬರ ಎಷ್ಟು ಹೇಳುತ್ತ ಹೋದಳು. ನಲವತ್ತು ವರ್ಷ ಅವಳೊಬ್ಬಳೇ ಬಲ್ಲ ವಿದ್ಯೆ; ಕೇಳುವವರೇ ಇರಲಿಲ್ಲ. ಸುನಂದ ಹೊಸ್ತಿಲ ಮೇಲೆ ಸೆರಗು ಹಿಡಿದು ನಿಂತೇ ಇದ್ದಳು.

"ಎಷ್ಟೊತ್ತು ನಿಂತಿರ್ತೀಯೇ ಹೊಸ್ಲು ಮ್ಯಾಲೆ?" ಎಂದು ಗದರಿದಳು ಅತ್ತೆ. "ಒಳೀಕೆ ನಡಿ. ಕಾಳೀದ ಬೇರೆ ಇಡು, ಬೀಜಕ್ಕೆ ಅದೇ ಚೆಂದಾಗದೆ. ಒಲೆ ಹಚ್ಚು, ಇಷ್ಟು ಜನಕ್ಕೆ ಏನಾದ್ರೂ ಮಾಡ್ಬೇಕು."

ಚಲುವಯ್ಯ ಕಂಬ ಬಿಟ್ಟು ಸೌದೆ ತರಲು ಓಡಿದ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಬೈಸಿಕೊಂಡು ಹಗುರಾದ ಹೆಂಗಸರು ಈಗ ಒಬ್ಬರಿಗಿಂತ ಒಬ್ಬರು ಮುಂದಾಗಿ ನಿಜ ನುಡಿಯತೊಡಗಿದ್ದರು. "ನಾನು ಕದ್ದಿಲ್ಲಪ್ಪ, ನಂಗೆ ಮೇಷ್ಟ್ರು ಮನೆಯಿಂದ ಬಂತು," ಎಂದಳು ಒಬ್ಬಳು. "ನಂಗೂ ಮೇಷ್ಟ್ರು ಮನೇದೇ," ಎಂದಳು ಇನ್ನೊಬ್ಬಳು.

ಕುಳ್ಳಮ್ಮ ಸರ್ವಮಂಗಳಳ ಕಡೆ ತಿರುಗಿದಳು. "ಅದ್ಸರಿ. ಮೇಷ್ಟ್ರಿಗೆ ಯಾರು ಕೊಟ್ಟಿದ್ದು?"

ಎಂಟು ಜೊತೆ ಕಣ್ಣು, ಬೇಡವೆಂದರೂ ಕೇಳದೆ, ಜಗಲಿಯ ಕಡೆ ಹೊರಳಿದವು.

ತಿಮ್ಮಯ್ಯ ನಶ್ಯದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬೀಗರ ಕೈಯಿಂದ ಕೊಡೆಯನ್ನು ತೆಗೆದುಕೊಂಡ.

"ನಡೀರಿ ಬೀಗರೇ. ಅಗ್ರಹಾರ ನೋಡದೆ ಬಾಳ ದಿನ ಆಯ್ತು. ನಾಲ್ಕು ದಿನ ನಿಮ್ಮನೇಲಿ ಇದ್ದು ಬತ್ತೀನಿ."

"ರೀ," ಎಂದಳು ಕುಳ್ಳಮ್ಮ ಏಳುತ್ತ. ಅವಳು ಪೂರ್ತಿ ಎದ್ದು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಬೇಕಿತ್ತು.

ಅಷ್ಟರಲ್ಲಿ ಸುನಂದ ಒಳಗಿನಿಂದ ಓಡಿಬಂದು, ಅಪ್ಪನ ಕೈಚೀಲದಿಂದ ತನ್ನ ಎರಡು ಸೀರೆಗಳನ್ನು ಹೊರತೆಗೆದು, ಮಾವನ ಪಂಚೆಯನ್ನು ಮಡಿಸಿ ಒಳಗಿಟ್ಟಳು.