ಎರಡನೆಯ ಕಾಲುಚೀಲ

ಉಣ್ಣೆ ಆರಿಸುವಾಗಿನ ನನ್ನ ಹುರುಪು ಸ್ವೆಟರಿನ ಎರಡನೆಯ ತೋಳಿಗೆ ಬರುವಷ್ಟರಲ್ಲಿ ಆರಿಹೋಗುತ್ತದೆ. ಬುಟ್ಟಿಯ ತುಂಬ ಅರ್ಧಂಬರ್ಧ ಹೆಣಿಗೆಗಳೇ. “ಶುರು ಮಾಡೋಕೆ ಎಲ್ರಿಗೂ ಬರುತ್ತೆ ಕಣೇ, ಮುಗಿಸಿ ತೋರ್ಸು,” ಎಂದು ದೊಡ್ಡಮ್ಮ ರೇಗುತ್ತಿದ್ದಳು. ಅವಳು ಹಿಡಿದದ್ದನ್ನು ಮುಗಿಸದೆ ಬಿಟ್ಟವಳೇ ಅಲ್ಲ. ಅವಳು ತೀರಿಕೊಂಡ ಮೇಲೆ ಅವಳ ಹೆಣಿಗೆ ಕಡ್ಡಿಗಳು ನನ್ನ ಬುಟ್ಟಿಗೆ ಬಂದವು.

ಆಮೇಲೆ ಬುಟ್ಟಿಯೊಳಗಿನವು ಒಂದೊಂದಾಗಿ ತಾವೇ ಮುಗಿಯತೊಡಗಿದವು. ನನ್ನ ಹೆಣಿಗೆ ಸಡಿಲ. ಇದು ದೊಡ್ಡಮ್ಮನ ಕೈಯ ಹಾಗೆ ಬಿಗಿ. ಮುಟ್ಟಿದರೆ, ಯಾರೋ ಈಗಷ್ಟೇ ಕೆಳಗಿಟ್ಟು ಎದ್ದುಹೋದಂತೆ ಕಡ್ಡಿಗಳು ಬೆಚ್ಚಗಿರುತ್ತಿದ್ದವು.

“ನೀನೇ ಹೆಣೆದು ಮರ್ತಿರ್ತೀಯ ಬಿಡು. ಅಂತೂ ಮುಗೀತಲ್ಲ!” ಎಂದು ನಮ್ಮ ಯಜಮಾನರು ನಕ್ಕರು.

ಹೋದ ವಾರ ಹಳದಿ ಉಣ್ಣೆ ತಂದೆ. ಏನು ಹೆಣೆಯುವುದೆಂದು ಇನ್ನೂ ಯೋಚಿಸಿರಲಿಲ್ಲ. ಮರುದಿನ ಬುಟ್ಟಿಯಲ್ಲಿ ಹೆಬ್ಬೆರಳುದ್ದದ ಒಂದು ಕಾಲುಚೀಲವಿತ್ತು. ಅದರ ಜೊತೆಯದು ಕಡ್ಡಿಯ ಮೇಲೆ ಅರ್ಧವಾಗಿತ್ತು.

ನಾನು ಬಸುರಿ ಎಂದು ಯಜಮಾನರಿಗೂ ಹೇಳಿರಲಿಲ್ಲ.

ಅಂದಿನಿಂದ ದಿನಾ ನೋಡುತ್ತಿದ್ದೇನೆ. ಎರಡನೆಯ ಕಾಲುಚೀಲ ಹಿಮ್ಮಡಿಯವರೆಗೆ ಬಂದು ಅಲ್ಲಿಗೇ ನಿಂತಿದೆ. ಕಡ್ಡಿಗಳು ತಣ್ಣಗಿವೆ. ನಿನ್ನೆ ಹಟ ಹಿಡಿದು ಕೂತು ನಾನೇ ಹೆಣೆದು ಮುಗಿಸಿದೆ. ಜೀವನದಲ್ಲಿ ನಾನು ಮುಗಿಸಿದ ಮೊದಲ ಹೆಣಿಗೆ ಅದು.

ಇವತ್ತು ನೋಡಿದರೆ ಮತ್ತೆ ಹಿಮ್ಮಡಿಯವರೆಗೆ ಬಿಚ್ಚಿಕೊಂಡಿದೆ.